ಬಿಳಿ ಬಂಡೆಯ ಕಾಗದಪತ್ರ

ಗೆಜೆಟ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ಆಕಳಿಕೆ ಬರುತ್ತದೆ. ಊರಿನಲ್ಲಿದ್ದಾಗ ಯಾವುದಾದರೂ ಅರ್ಜಿಗೆ ಗೆಜೆಟೆಡ್ ಆಫೀಸರರ ಸಹಿ ಬೇಕಾದಾಗಲಷ್ಟೇ ಆ ಪದದ ನೆನಪಾಗುತ್ತಿತ್ತು. ಬ್ರಿಟಿಷರ ಕಾಲದ ಗೆಜೆಟ್ಟುಗಳಂತೂ ಇನ್ನೂ ಒಣ ಸರಕು. ಯಾವ ದೀಪ ಯಾವ ತಾರೀಖಿನಿಂದ ಉರಿಯುತ್ತದೆ, ಹಡಗಿನ ಟನ್ನಿಗೆ ಸುಂಕವೆಷ್ಟು, ಯಾವ ಬಂಡೆಯ ಬಳಿ ನಾವಿಕರು ಜೋಪಾನವಾಗಿರಬೇಕು, ಯಾವ ಅಪಘಾತದ ವಿಚಾರಣೆ ಯಾರ ಮುಂದೆ ನಡೆಯುತ್ತದೆ, ಇಂಥವೇ. ಕಥೆ ಕವಿತೆ ಓದುವ ನಮ್ಮ ಕೂಟಕ್ಕೆ ಇದರಲ್ಲಿ ಏನು ರುಚಿ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ.

ಆದರೆ ಸಿಂಗಪುರದಲ್ಲಿ ನೆಲೆ ನಿಂತಿರುವ ನಮ್ಮ ಕಣ್ಣೆದುರಿಗೇ, 2008ರ ಮೇ 23ರಂದು, ಬಹುಮಟ್ಟಿಗೆ ಇಂಥ ಒಣ ಕಾಗದಗಳ ಬಲದ ಮೇಲೆ ಒಂದು ದ್ವೀಪ ಯಾರದ್ದೆಂದು ತೀರ್ಮಾನವಾಯಿತು. ಒಂದು ಗುಂಡೂ ಹಾರಲಿಲ್ಲ. ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ಎರಡು ದೇಶಗಳ ವಕೀಲರು ನೂರೈವತ್ತು ವರ್ಷದ ಪತ್ರ, ಕಾಯಿದೆ, ವರದಿ, ನಕಾಶೆಗಳನ್ನು ಹರಡಿಕೊಂಡು ವಾದಿಸಿದರು. ಅದರ ಕಥೆಯನ್ನು ಈ ಸಲ ಹೇಳೋಣವೆಂದುಕೊಂಡಿದ್ದೇವೆ.

ದ್ವೀಪವೆಂದರೆ ಅತಿಶಯೋಕ್ತಿಯಾದೀತು. ಉದ್ದ 137 ಮೀಟರು, ಅಗಲ ಸರಾಸರಿ 60 ಮೀಟರು. ಇಳಿತದ ಹೊತ್ತಿನಲ್ಲಿ ಅಳೆದರೂ ಸುಮಾರು 8,560 ಚದರ ಮೀಟರು, ಅಂದರೆ ನಮ್ಮೂರ ಲೆಕ್ಕದಲ್ಲಿ ಎರಡು ಎಕರೆಗೆ ಸ್ವಲ್ಪ ಮೇಲೆ. ಸಿಂಗಪುರಕ್ಕೆ ಪೂರ್ವದಲ್ಲಿ 24 ನಾಟಿಕಲ್ ಮೈಲಿ, ಮಲೇಷ್ಯದ ಜೋಹೊರ್ ತೀರಕ್ಕೆ 7.7, ಇಂಡೋನೇಷ್ಯದ ಬಿಂತಾನ್ ದ್ವೀಪಕ್ಕೆ 7.6. ಕಡಲಹಕ್ಕಿಗಳ ಹಿಕ್ಕೆಯಿಂದ ಬೆಳ್ಳಗಾಗಿದ್ದ ಈ ಗ್ರಾನೈಟ್ ಬಂಡೆಗೆ ಪೋರ್ಚುಗೀಸರು ಪೆಡ್ರಾ ಬ್ರಾಂಕಾ ಎಂದರು, ಮಲಯರು ಬಾತು ಪೂತೆ ಎಂದರು. ಎರಡಕ್ಕೂ ಅರ್ಥ ಒಂದೇ: ಬಿಳಿ ಬಂಡೆ. ಒಂದು ಹೆಸರನ್ನು ಹಿಡಿದರೆ ಸಿಂಗಪುರದ ಪಕ್ಷ, ಇನ್ನೊಂದನ್ನು ಹಿಡಿದರೆ ಮಲೇಷ್ಯದ ಪಕ್ಷ ಎಂದಾಗುವುದರಿಂದ ನಾವು ಕನ್ನಡದಲ್ಲಿ ಬಿಳಿ ಬಂಡೆ ಎಂದೇ ಕರೆಯುತ್ತೇವೆ. ಕುಡಿಯಲು ನೀರಿಲ್ಲ, ಬೇಸಾಯಕ್ಕೆ ಮಣ್ಣಿಲ್ಲ. ಇರುವುದು ಜಾಗದ ಮಹಿಮೆ. ಹಿಂದೂ ಮಹಾಸಾಗರದಿಂದ ಚೀನಾ ಸಮುದ್ರಕ್ಕೆ ಹೋಗುವ ಹಡಗುಗಳ ಹಾದಿಯಲ್ಲಿ, ಜಲಸಂಧಿಯ ಪೂರ್ವದ ಬಾಗಿಲಲ್ಲೇ ಅದು ಕೂತಿದೆ. 1824ರಿಂದ 1851ರೊಳಗೆ ಅದರ ಆಸುಪಾಸಿನಲ್ಲಿ ಹದಿನಾರು ದೊಡ್ಡ ಹಡಗುಗಳು ಬಂಡೆಗೇರಿ ಕೆಟ್ಟವು ಎಂದು ಲೆಕ್ಕವಿದೆ.

ಅಲ್ಲಿ ಕಟ್ಟಿದ ದೀಪಸ್ತಂಭಕ್ಕೆ ಜೇಮ್ಸ್ ಹಾರ್ಸ್‌ಬರ್ಗ್ ಎಂಬಾತನ ಹೆಸರು. ಸ್ಕಾಟ್ಲೆಂಡಿನ ಕಡಲ ತೀರದಲ್ಲಿ 1762ರಲ್ಲಿ ಹುಟ್ಟಿ ಹಡಗು ಸೇರಿದವನು. 1786ರಲ್ಲಿ ಅವನಿದ್ದ ‘ಅಟ್ಲಾಸ್’ ಎಂಬ ಹಡಗು ನಕಾಶೆಯ ತಪ್ಪಿನಿಂದ ಡಿಯೆಗೊ ಗಾರ್ಸಿಯಾ ದ್ವೀಪಕ್ಕೆ ಬಡಿದು ಒಡೆಯಿತು. ಅಂದಿನಿಂದ ಸರಿಯಾದ ನಕಾಶೆ ಮಾಡುವುದೇ ಅವನ ಹುಚ್ಚಾಯಿತು. ಹಡಗು ಹೋದಲ್ಲೆಲ್ಲ ಆಳ ಅಳೆದ, ಗಾಳಿ ಬರೆದುಕೊಂಡ, ಕೊನೆಗೆ 1810ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜಲನಕಾಶೆಗಾರನಾದ. ಪೂರ್ವ ದೇಶಗಳ ಜಲಮಾರ್ಗಗಳ ಬಗ್ಗೆ ಅವನು ಬರೆದ ಕೈಪಿಡಿ ತಲೆಮಾರುಗಟ್ಟಲೆ ಕಪ್ತಾನರ ಮೇಜಿನ ಮೇಲಿತ್ತು. ನಮ್ಮ ಕಾರವಾರ, ಹೊನ್ನಾವರ, ಮಂಗಳೂರು ತೀರಗಳೂ ಅದರಲ್ಲಿವೆ. 1836ರಲ್ಲಿ ಅವನು ತೀರಿಕೊಂಡಾಗ ಚೀನಾದ ಕ್ಯಾಂಟನ್ನಿನಲ್ಲಿದ್ದ ಬ್ರಿಟಿಷ್ ವರ್ತಕರು ಸ್ಮಾರಕಕ್ಕೆಂದು ಚಂದಾ ಎತ್ತಿದರು. ಭಾರತದ ಅಫೀಮು ಚೀನಾಕ್ಕೆ ಹೋಗುತ್ತಿದ್ದುದು ಇದೇ ಜಲಸಂಧಿಯಲ್ಲಿ, ಆ ವರ್ತಕರಲ್ಲಿ ಹಲವರ ತಿಜೋರಿ ತುಂಬಿದ್ದೂ ಆ ಅಫೀಮಿನಿಂದಲೇ. ಪಾಪದ ದುಡ್ಡಿನ ಪುಣ್ಯಕಾರ್ಯ ಎನ್ನಬಹುದೇನೋ. ದೀಪಕ್ಕಂತೂ ಯಾವ ಎಣ್ಣೆಯಾದರೇನು.

ಇಲ್ಲಿಂದ ನಮ್ಮ ಕಾಗದಪತ್ರ ಶುರು. ಆಗ ಸಿಂಗಪುರ, ಮಲಾಕ್ಕ, ಪಿನಾಂಗ್ ಮೂರೂ ಸೇರಿದ ಜಲಸಂಧಿ ವಸಾಹತು ಕಲ್ಕತ್ತೆಯ ಆಡಳಿತಕ್ಕೆ ಸೇರಿತ್ತು. 1867ರ ಏಪ್ರಿಲ್ 1ರವರೆಗೂ ಹಾಗೆಯೇ ಇತ್ತು. ದೀಪ ಹಚ್ಚಬೇಕಾದರೂ ಬಂಗಾಳ ಸರ್ಕಾರದ ಅಪ್ಪಣೆ ಬೇಕು. ಗವರ್ನರ್ ಬಟರ್‌ವರ್ತ್ 1844ರಲ್ಲಿ ಜೋಹೊರಿನ ಸುಲ್ತಾನನಿಗೂ ತೆಮೆಂಗ್ಗೊಂಗ್ ಎಂಬ ಪದವಿಯ ಅಲ್ಲಿನ ಪ್ರಬಲ ಅಧಿಕಾರಿಗೂ ಪತ್ರ ಬರೆದು, ದೀಪಸ್ತಂಭಕ್ಕೆ ಜಾಗ ಕೇಳಿದ. ಅದೇ ನವೆಂಬರ್ 25ರಂದು ಇಬ್ಬರೂ ಸಂತೋಷದಿಂದ ಒಪ್ಪಿ ಉತ್ತರ ಕೊಟ್ಟರು. ಆ ಉತ್ತರಗಳು ಉಳಿದಿವೆ. ಆದರೆ ಬಟರ್‌ವರ್ತ್ ಬರೆದ ಪತ್ರಗಳೇ ಕಳೆದುಹೋಗಿವೆ! ಅವನು ಕೇಳಿದ್ದೇನು, ಯಾವ ಬಂಡೆಯನ್ನು, ಕಟ್ಟಿಕೊಳ್ಳುವ ಅನುಮತಿಯನ್ನೋ ಜಾಗದ ಒಡೆತನವನ್ನೋ? ಉತ್ತರ ಓದಿದರೆ ತಿಳಿಯದು. ಆಗ ಅವನ ಮನಸ್ಸಿನಲ್ಲಿದ್ದದ್ದು ತೀರಕ್ಕೆ ಹತ್ತಿರದ ‘ಪೀಕ್ ರಾಕ್’ ಎಂಬ ಬೇರೆಯೇ ಬಂಡೆ. ನವೆಂಬರ್ 28ರಂದು ಅವನು ಬಂಗಾಳಕ್ಕೆ ಬರೆದ ಕಾಗದದಲ್ಲಿ ಜೋಹೊರಿನವರು ಆ ಬಂಡೆಯನ್ನು ಉಚಿತವಾಗಿ ಬಿಟ್ಟುಕೊಡಲು ಒಪ್ಪಿದ್ದಾರೆ ಎಂದಿದೆ. ಆಮೇಲೆ ಸ್ಥಳ ಬದಲಾಗಿ ಬಿಳಿ ಬಂಡೆ ಗೊತ್ತಾಯಿತು. ಹಳೆಯ ಒಪ್ಪಿಗೆ ಹೊಸ ಬಂಡೆಗೂ ಅನ್ವಯಿಸುತ್ತದೆಯೇ ಎಂದು ಆಗ ಯಾರೂ ಕೇಳಲಿಲ್ಲ. ನೂರಾ ಅರವತ್ತು ವರ್ಷದ ನಂತರ ಹೇಗ್‌ನ ನ್ಯಾಯಾಧೀಶರು ಕೇಳಿದರು, ಉತ್ತರ ಸಿಗದೆ ಕೈಬಿಟ್ಟರು.

ಕಟ್ಟಿದವನು ಜಾನ್ ಟರ್ನ್‌ಬುಲ್ ಥಾಮ್ಸನ್, ಸಿಂಗಪುರದ ಸರ್ಕಾರಿ ಸರ್ವೇಯರ್, ಆಗಿನ್ನೂ ಮೂವತ್ತು ದಾಟದ ತರುಣ. ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬದಂದು, 1850ರ ಮೇ 24ಕ್ಕೆ, ಗವರ್ನರನ ಸಮ್ಮುಖದಲ್ಲಿ ಫ್ರೀಮೇಸನ್ ಬಂಧುಗಳು ಶಂಕುಸ್ಥಾಪನೆ ಮಾಡಿದರು. ಜೋಹೊರಿನವರಿಗೆ ಆಹ್ವಾನವಿರಲಿಲ್ಲ. ಒಂಬತ್ತು ದಿನ ಕಳೆದು ತೆಮೆಂಗ್ಗೊಂಗ್ ತಾನಾಗಿಯೇ ಸುಮಾರು ಮೂವತ್ತು ಮಂದಿ ಅನುಚರರೊಡನೆ ಬಂದು ಬಂಡೆಯನ್ನು ನೋಡಿಕೊಂಡು ಹೋದ. ತನ್ನ ಹೊಲದಲ್ಲಿ ಬೇರೆಯವರು ಬಾವಿ ತೋಡುವುದನ್ನು ನೋಡಲು ಬಂದ ಯಜಮಾನನೋ, ಬರಿಯ ಕುತೂಹಲದ ನೆರೆಯವನೋ? ಈ ಒಂದು ಭೇಟಿಯ ಅರ್ಥದ ಮೇಲೂ ವಕೀಲರು ವಾದಿಸಿದ್ದಾರೆ.

ಕಲ್ಲು ಪುಲಾವ್ ಉಬಿನ್‌ನಿಂದ ಬಂತು. ನಾವು ಭಾನುವಾರ ಸೈಕಲ್ ತುಳಿಯಲು ಹೋಗುವ ಅದೇ ಉಬಿನ್. ಕಲ್ಲುಕುಟಿಗರು ಚೀನೀಯರು, ದೋಣಿಯವರು ಮಲಯರು. ಶಿಕ್ಷೆಗೆಂದು ಭಾರತದಿಂದ ಸಾಗಿಸಿದ್ದ ಕೈದಿಗಳ ದುಡಿಮೆಯೂ ಇತ್ತು. ಸಿಂಗಪುರದ ರಸ್ತೆ, ಚರ್ಚು, ಗವರ್ನರನ ಬಂಗಲೆ ಇವುಗಳಿಗೆಲ್ಲ ಬೆವರು ಸುರಿಸಿದ ಆ ಕೈದಿಗಳ ಬಗ್ಗೆ ಬೇರೆಯೇ ಲೇಖನ ಬರೆಯಬೇಕು. ಕಡಲು ಬಿಡುವು ಕೊಟ್ಟಾಗ ಮಾತ್ರ ಕೆಲಸ. ಕಡಲ್ಗಳ್ಳರ ಭಯಕ್ಕೆ ಫಿರಂಗಿ ದೋಣಿಗಳ ಕಾವಲು. 1851ರ ಅಕ್ಟೋಬರ್ 15ರಂದು ದೀಪ ಹೊತ್ತಿತು. ಒಟ್ಟು ಖರ್ಚು 23 ಸಾವಿರ ಸ್ಪ್ಯಾನಿಷ್ ಡಾಲರಿಗಿಂತ ಸ್ವಲ್ಪ ಹೆಚ್ಚು. ಥಾಮ್ಸನ್ ಆರೋಗ್ಯ ಕೆಟ್ಟು 1853ರಲ್ಲಿ ಸಿಂಗಪುರ ಬಿಟ್ಟ. ಮುಂದೆ ನ್ಯೂಜಿಲೆಂಡಿಗೆ ಹೋಗಿ ಅಲ್ಲಿನ ಸರ್ವೇಯರ್ ಜನರಲ್ ಆದ. ಕಟ್ಟುವಿಕೆಯ ವಿವರಗಳನ್ನೆಲ್ಲ ಅವನು ದೀರ್ಘವಾಗಿ ಬರೆದಿಟ್ಟದ್ದು ನಮ್ಮ ಪುಣ್ಯ.

ಚಂದಾ ಹಣ ಸಾಲಲಿಲ್ಲವಾದ್ದರಿಂದ ಸುಂಕ ಬೇಕಾಯಿತು. ಸುಂಕಕ್ಕೆ ಕಾಯಿದೆ. ಕಲ್ಕತ್ತೆಯಲ್ಲಿ ಭಾರತದ ಗವರ್ನರ್ ಜನರಲ್ಲರ ಮಂಡಳಿ 1852ರ 6ನೇ ಕಾಯಿದೆಯನ್ನು ಮಾಡಿ, ದೀಪಸ್ತಂಭದ ಒಡೆತನ ಕಂಪನಿಯದ್ದೆಂದೂ ಅದರ ಹೆಸರು ಹಾರ್ಸ್‌ಬರ್ಗ್ ಎಂದೂ ವಿಧಿಸಿ, ಹಡಗುಗಳ ಮೇಲೆ ಸುಂಕ ಹಾಕಿತು. 1854ರ 13ನೇ ಕಾಯಿದೆ ಅದನ್ನು ವಿಸ್ತರಿಸಿತು. ಭಾರತದ ಕಾನೂನು ಪುಸ್ತಕದಲ್ಲಿ, ಬೆಂಗಳೂರು ದಂಡು ಪ್ರದೇಶಕ್ಕೂ ದಕ್ಷಿಣ ಕನ್ನಡಕ್ಕೂ ಕಾನೂನು ಬರೆಯುತ್ತಿದ್ದ ಅದೇ ಮಸಿಯಲ್ಲಿ, ಈ ದೂರದ ಬಂಡೆಯೂ ನಮೂದಾಗಿದೆ ಎಂಬುದು ನಮಗೆ ಸೋಜಿಗ. ನಮ್ಮ ಕಾಪುವಿನ ದೀಪಸ್ತಂಭ ಬಂದದ್ದು ಇದಾಗಿ ಅರ್ಧ ಶತಮಾನದ ಮೇಲೆ, 1901ರಲ್ಲಿ.

ಆದರೆ ಒಂದು ಮಾತು. ದೀಪ ಹಚ್ಚಿದ ಮಾತ್ರಕ್ಕೆ ನೆಲದ ಒಡೆಯನಾಗುವುದಿಲ್ಲ. ಕಾಯಿದೆ ಮಾಡಿದ ಮಾತ್ರಕ್ಕೂ ಆಗುವುದಿಲ್ಲ ಎಂದು ನ್ಯಾಯಾಲಯ ಸ್ಪಷ್ಟವಾಗಿಯೇ ಹೇಳಿತು. ಏಕೆಂದರೆ ಅದೇ ಕಾಯಿದೆಗಳು ಬೇರೆಯವರ ನೆಲದಲ್ಲಿದ್ದ ದೀಪಗಳಿಗೂ ಅನ್ವಯಿಸುತ್ತಿದ್ದವು. ಇದಕ್ಕೆ ಒಳ್ಳೆಯ ಉದಾಹರಣೆ ಜಲಸಂಧಿಯ ಪಶ್ಚಿಮದಲ್ಲಿರುವ ಪುಲಾವ್ ಪಿಸಾಂಗ್. ಅಲ್ಲಿಯ ದೀಪವನ್ನೂ ಸಿಂಗಪುರವೇ ನಡೆಸುತ್ತ ಬಂದಿದೆ. ಆದರೆ 1900ರಲ್ಲಿ ಜೋಹೊರಿನ ಸುಲ್ತಾನ ಅದಕ್ಕೊಂದು ಕರಾರುಪತ್ರ ಬರೆದುಕೊಟ್ಟಿದ್ದ. ಆ ಒಂದು ಕಾಗದ ಇದ್ದುದರಿಂದ ದ್ವೀಪ ಜೋಹೊರಿನದ್ದು, ಸಿಂಗಪುರ ದೀಪದ ಮೇಲ್ವಿಚಾರಕ ಮಾತ್ರ ಎಂಬ ಬಗ್ಗೆ ಜಗಳವೇ ಇಲ್ಲ. ಬಿಳಿ ಬಂಡೆಗೆ ಅಂಥ ಕಾಗದ ಇಲ್ಲ. 1974ರ ಭೂಸುಧಾರಣೆಯ ಕಾಲದಲ್ಲಿ 7ನೇ ನಮೂನೆ ತುಂಬಿ ಸಾಲಿನಲ್ಲಿ ನಿಂತವರ ಮನೆಯಿಂದ ಬಂದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಗೇಣಿ ಚೀಟಿ ಇದ್ದವನ ಗತಿಯೇ ಬೇರೆ, ಇಲ್ಲದವನ ಗತಿಯೇ ಬೇರೆ.

ಹಾಗಾದರೆ ಸಿಂಗಪುರದ ಪರವಾಗಿ ತೂಗಿದ್ದು ಯಾವುದು? ದೀಪಕ್ಕೆ ನೇರವಾಗಿ ಸಂಬಂಧಿಸದ ಸಣ್ಣಪುಟ್ಟ ಆಡಳಿತದ ಕೆಲಸಗಳು. 1920ರಲ್ಲಿ ಬಂಡೆಯ ಎರಡು ಮೈಲಿಯೊಳಗೆ ಒಂದು ಬ್ರಿಟಿಷ್ ಹಡಗೂ ಒಂದು ಡಚ್ ಹಡಗೂ ಡಿಕ್ಕಿ ಹೊಡೆದವು. ವಿಚಾರಣೆ ನಡೆಸಿದ್ದು ಸಿಂಗಪುರ. 1963ರಲ್ಲಿ, 1979ರಲ್ಲಿ ಅಲ್ಲಿ ಹಡಗುಗಳು ನೆಲ ಕಚ್ಚಿದಾಗಲೂ ಸಿಂಗಪುರವೇ. 1974ರಲ್ಲಿ ಹಲವು ದೇಶಗಳ ತಜ್ಞರು ಉಬ್ಬರವಿಳಿತದ ಅಧ್ಯಯನಕ್ಕೆ ಬಂಡೆಗೆ ಹೋಗಬೇಕಾಗಿ ಬಂದಾಗ ಮಲೇಷ್ಯದ ಸದಸ್ಯರ ಹೆಸರಿನ ಪಟ್ಟಿ ಕಳಿಸಿ ಎಂದು ಸಿಂಗಪುರದ ಅಧಿಕಾರಿಗಳು ಕೇಳಿದರು, ಅವರು ಕಳಿಸಿದರು. 1978ರಲ್ಲಿ ಮಲೇಷ್ಯದ ಸರ್ಕಾರಿ ಹಡಗೊಂದಕ್ಕೆ ಅಲ್ಲಿಗೆ ಬರಲು ಮಲೇಷ್ಯದ ಹೈಕಮಿಷನ್ನೇ ಅನುಮತಿ ಬೇಡಿತು. ಅದೇ ವರ್ಷ ಬಂಡೆಯ ಸುತ್ತ ಸಮುದ್ರ ತುಂಬಿ ನೆಲ ಮಾಡಲು ಸಿಂಗಪುರದ ಬಂದರು ಪ್ರಾಧಿಕಾರ ಪತ್ರಿಕೆಗಳಲ್ಲಿ ಟೆಂಡರ್ ಕರೆಯಿತು. ಕೆಲಸ ನಡೆಯಲಿಲ್ಲ, ಆದರೆ ಜಾಹೀರಾತು ಉಳಿಯಿತು, ಮೂವತ್ತು ವರ್ಷದ ಮೇಲೆ ಸಾಕ್ಷಿ ಹೇಳಿತು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಧ್ವಜದ ಪ್ರಸಂಗ. ದೀಪಸ್ತಂಭಗಳ ಮೇಲೆ ಸಿಂಗಪುರದ ನೌಕಾಧ್ವಜ ಹಾರುತ್ತಿತ್ತು. 1968ರಲ್ಲಿ ಮಲೇಷ್ಯ ಪುಲಾವ್ ಪಿಸಾಂಗ್ ಮೇಲಿನ ಧ್ವಜಕ್ಕೆ ಆಕ್ಷೇಪಿಸಿತು, ಸಿಂಗಪುರ ಇಳಿಸಿತು. ಆದರೆ ಬಿಳಿ ಬಂಡೆಯ ಮೇಲೂ ಅಂಥದೇ ಧ್ವಜವಿತ್ತು. ಅದರ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಮಲೇಷ್ಯದ ಸರ್ವೇ ಇಲಾಖೆ 1962ರಿಂದ 1975ರ ನಡುವೆ ಹೊರತಂದ ಕೆಲವು ನಕಾಶೆಗಳಲ್ಲಿ ಬಂಡೆಯ ಹೆಸರಿನ ಕೆಳಗೆ ‘ಸಿಂಗಪುರ’ ಎಂದೇ ಅಚ್ಚಾಗಿತ್ತು. ಸಿಂಗಪುರವೂ ಅಷ್ಟೇನೂ ಜಾಗರೂಕವಾಗಿರಲಿಲ್ಲ ಎನ್ನಿ. ಬಂಡೆಯನ್ನು ತನ್ನದೆಂದು ತೋರಿಸುವ ನಕಾಶೆಯನ್ನು ಅದು ಹೊರತಂದದ್ದೇ 1995ರಲ್ಲಿ.

ಆದರೆ ತಕ್ಕಡಿಯ ಮುಳ್ಳನ್ನು ವಾಲಿಸಿದ್ದು 1953ರ ಎರಡು ಕಾಗದಗಳು. ವಸಾಹತಿನ ಗಡಿನೀರು ಎಲ್ಲಿಯವರೆಗೆ ಎಂದು ಗೊತ್ತುಮಾಡಬೇಕಾಗಿ ಬಂದು, ಸಿಂಗಪುರದ ಕಲೋನಿಯಲ್ ಸೆಕ್ರೆಟರಿ ಕಚೇರಿಯಿಂದ ಜೂನ್ 12ರಂದು ಜೋಹೊರಿಗೆ ಒಂದು ವಿಚಾರಣೆ ಹೋಯಿತು. 1824ರ ಕ್ರಾಫರ್ಡ್ ಒಪ್ಪಂದದಂತೆ ಸಿಂಗಪುರದಿಂದ ಹತ್ತು ಮೈಲಿಯೊಳಗಿನ ದ್ವೀಪಗಳು ಮಾತ್ರ ನಮಗೆ ಬಂದಿವೆ, ಈ ಬಂಡೆ ಅದರಾಚೆಗಿದೆ, ಇದನ್ನು ಭೋಗ್ಯಕ್ಕೋ ದಾನವಾಗಿಯೋ ಕೊಟ್ಟ ದಾಖಲೆ ನಿಮ್ಮಲ್ಲಿದೆಯೇ ಎಂದು ಸಾರಾಂಶ. ಸಿಂಗಪುರಕ್ಕೆ ತನ್ನ ಹಕ್ಕಿನ ಬಗ್ಗೆ ಖಾತ್ರಿಯಿರಲಿಲ್ಲ ಎಂಬುದು ಪತ್ರದಲ್ಲೇ ಕಾಣುತ್ತದೆ. ಮೂರು ತಿಂಗಳು ಕಳೆದು ಸೆಪ್ಟೆಂಬರ್ 21ರಂದು ಜೋಹೊರಿನ ಹಂಗಾಮಿ ರಾಜ್ಯ ಕಾರ್ಯದರ್ಶಿ ಕೆಲವೇ ಸಾಲಿನ ಉತ್ತರ ಕೊಟ್ಟರು. ಜೋಹೊರ್ ಸರ್ಕಾರ ಆ ಬಂಡೆಯ ಮಾಲೀಕತ್ವವನ್ನು ಕೇಳುವುದಿಲ್ಲ ಎಂದು ಅದರ ತಿರುಳು.

ಯಾರು ಆ ಫೈಲನ್ನು ಮೇಜಿನಿಂದ ಮೇಜಿಗೆ ಒಯ್ದರೋ, ಯಾರು ಹಳೆಯ ಕಡತ ತೆಗೆದು ನೋಡಿದರೋ ನೋಡದೇ ಬಿಟ್ಟರೋ! ಸರ್ಕಾರಿ ಕಚೇರಿಯಲ್ಲಿ ‘ವಿಲೇವಾರಿ’ ಎಂಬ ಪದವಿದೆ. ಕಾಗದ ಬಂದಿದೆ, ಉತ್ತರ ಹೋಗಬೇಕು, ಹೋಯಿತು, ಮುಗಿಯಿತು. ಮಲೇಷ್ಯದ ವಕೀಲರು ಹೇಗ್‌ನಲ್ಲಿ ಇದನ್ನು ತೇಲಿಸಲು ಬಹಳ ಶ್ರಮಪಟ್ಟರು: ಹಂಗಾಮಿ ಕಾರ್ಯದರ್ಶಿಗೆ ಅಂಥ ಅಧಿಕಾರವೇ ಇರಲಿಲ್ಲ, ಮಾಲೀಕತ್ವ ಬೇರೆ ಸಾರ್ವಭೌಮತ್ವ ಬೇರೆ ಎಂದೆಲ್ಲ. ನ್ಯಾಯಾಲಯ ಒಪ್ಪಲಿಲ್ಲ. ನಮ್ಮ ಅಭಿಪ್ರಾಯ ಕೇಳಿದರೆ, ಇಡೀ ನೂರೈವತ್ತು ವರ್ಷದಲ್ಲಿ ಬಂಡೆ ಯಾರದ್ದು ಎಂದು ನೇರವಾಗಿ ಪ್ರಶ್ನೆ ಕೇಳಿ ನೇರವಾಗಿ ಉತ್ತರ ಪಡೆದದ್ದು ಆ ಒಂದು ಸಲ ಮಾತ್ರ. ಅದನ್ನು ಬದಿಗಿಡುವುದು ಯಾವ ನ್ಯಾಯಾಧೀಶರಿಗೂ ಸುಲಭವಿರಲಿಲ್ಲ.

1979ರ ಡಿಸೆಂಬರಿನಲ್ಲಿ ಮಲೇಷ್ಯ ಹೊಸ ನಕಾಶೆ ಪ್ರಕಟಿಸಿ ಬಂಡೆಯನ್ನು ತನ್ನ ಗಡಿಯೊಳಗೆ ಸೇರಿಸಿತು. 1980ರ ಫೆಬ್ರುವರಿ 14ರಂದು ಸಿಂಗಪುರ ಪ್ರತಿಭಟಿಸಿತು. ಆಮೇಲೆ ಎರಡು ದಶಕ ಮಾತುಕತೆ. 2003ರಲ್ಲಿ ಇಬ್ಬರೂ ಒಪ್ಪಿ ಹೇಗ್‌ಗೆ ಹೋದರು. ಸಿಂಗಪುರ ತನ್ನ ಪರವಾಗಿ ನೇಮಿಸಿದ ತಾತ್ಕಾಲಿಕ ನ್ಯಾಯಾಧೀಶರು ಭಾರತದ ಪಿ. ಶ್ರೀನಿವಾಸ ರಾವ್. ತೀರ್ಪು ಬಂದಾಗ 12 ಮಂದಿ ಸಿಂಗಪುರದ ಕಡೆ, 4 ಮಂದಿ ವಿರುದ್ಧ. ಮೂಲದಲ್ಲಿ ಬಂಡೆ ಜೋಹೊರಿನದ್ದೇ, ಆದರೆ ಇಬ್ಬರ ನಡವಳಿಕೆಯಿಂದ 1980ರ ಹೊತ್ತಿಗೆ ಅದು ಸಿಂಗಪುರಕ್ಕೆ ಬಂದಿತ್ತು ಎಂಬುದು ತೀರ್ಪಿನ ಸಾರ. ಹತ್ತಿರದ ಮಿಡಲ್ ರಾಕ್ಸ್ ಎಂಬ ಬಂಡೆಗಳು ಮಲೇಷ್ಯಕ್ಕೆ. ಇಳಿತದಲ್ಲಿ ಮಾತ್ರ ಕಾಣುವ ಸೌತ್ ಲೆಜ್ ಯಾರ ಗಡಿನೀರಿನಲ್ಲಿ ಬೀಳುತ್ತದೋ ಅವರಿಗೆ. ಭಿನ್ನಮತ ಬರೆದವರಿಗೆ ಒಪ್ಪಿಗೆಯಾಗದ ಅಂಶವೆಂದರೆ, ಮೂಲ ಒಡೆಯ ಸುಮ್ಮನಿದ್ದ ಎನ್ನುವುದರಿಂದ ಅವನ ನೆಲ ಕೈಬಿಟ್ಟಿತು ಎಂದು ಹೇಳಬಹುದೇ ಎಂಬುದು. ಆ ಪ್ರಶ್ನೆಗೆ ತೂಕವಿದೆ ಎಂದೇ ನಮಗೂ ಅನಿಸುತ್ತದೆ.

ಈ ಕಾಗದಗಳ ನಡುವೆ ಒರಾಂಗ್ ಲಾವುತ್ ಜನ ಎಲ್ಲಿ? ಕಡಲ ಮಂದಿ ಎಂದು ಆ ಹೆಸರಿನ ಅರ್ಥ. ದೋಣಿಯಲ್ಲೇ ಹುಟ್ಟಿ ದೋಣಿಯಲ್ಲೇ ಬಾಳಿ, ಪೋರ್ಚುಗೀಸರಿಗಿಂತಲೂ ಮೊದಲಿಂದ ಈ ಬಂಡೆಗಳ ಸುತ್ತ ಮೀನು ಹಿಡಿಯುತ್ತಿದ್ದವರು, ಸಮಯ ಬಂದರೆ ಕೊಳ್ಳೆಯನ್ನೂ ಹೊಡೆಯುತ್ತಿದ್ದವರು. ಅವರು ನೋಟೀಸು ಹಾಕಲಿಲ್ಲ, ಸುಂಕದ ರಸೀತಿ ಇಡಲಿಲ್ಲ. ಆದರೂ ಅವರು ನ್ಯಾಯಾಲಯಕ್ಕೆ ಬಂದರು, ಬೇರೆಯವರ ಬರಹದ ಮೂಲಕ. ಅವರು ಜೋಹೊರಿನ ಸುಲ್ತಾನನಿಗೆ ನಿಷ್ಠರಾಗಿದ್ದರೆಂಬ ಬ್ರಿಟಿಷ್ ಅಧಿಕಾರಿಗಳ ಟಿಪ್ಪಣಿಗಳೂ, ಕಡಲ್ಗಳ್ಳರು ಅಡಗುವ ಬಿಳಿ ಬಂಡೆ ಮೊದಲಾದ ತಾಣಗಳು ಜೋಹೊರಿನವರ ಸೀಮೆಯೊಳಗಿವೆ ಎಂದು 1843ರ ಮೇ 25ರ ‘ಸಿಂಗಪುರ ಫ್ರೀ ಪ್ರೆಸ್’ ಪತ್ರಿಕೆ ದೂರಿದ್ದ ಬರಹವೂ ಮೂಲ ಒಡೆತನ ಜೋಹೊರಿನದ್ದು ಎನ್ನುವುದಕ್ಕೆ ಸಾಕ್ಷಿಯಾದವು. ಅವರನ್ನು ಕಳ್ಳರೆಂದು ಜರೆದ ಪತ್ರಿಕೆಯೇ ಅವರ ದೊರೆಯ ಹಕ್ಕಿಗೆ ದಾಖಲೆಯಾಯಿತು.

2017ರ ಫೆಬ್ರುವರಿಯಲ್ಲಿ ಮಲೇಷ್ಯ ಮತ್ತೆ ಹೇಗ್‌ನ ಬಾಗಿಲು ತಟ್ಟಿತು, ಈ ಸಲವೂ ಕಾಗದ ಹಿಡಿದುಕೊಂಡೇ. ಬ್ರಿಟನ್ನಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಮೂರು ಹೊಸ ದಾಖಲೆಗಳು ಸಿಕ್ಕಿವೆ, 1958ರ ಹೊತ್ತಿಗೆ ಸಿಂಗಪುರದ ಅಧಿಕಾರಿಗಳೇ ಬಂಡೆ ತಮ್ಮದೆಂದು ಭಾವಿಸಿರಲಿಲ್ಲವೆಂದು ಅವುಗಳಿಂದ ತಿಳಿಯುತ್ತದೆ, ತೀರ್ಪನ್ನು ಮರುಪರಿಶೀಲಿಸಿ ಎಂದು ಕೇಳಿತು. ಮರುವರ್ಷ ಅಲ್ಲಿ ಸರ್ಕಾರ ಬದಲಾಯಿತು, ಮೇ ತಿಂಗಳಲ್ಲಿ ಅರ್ಜಿ ಹಿಂತೆಗೆದರು. ಹಿಂತೆಗೆದದ್ದು ಸರಿಯೇ ಎಂದು ವಿಚಾರಿಸಲು 2024ರಲ್ಲಿ ಅದೇ ದೇಶ ಒಂದು ರಾಯಲ್ ಆಯೋಗವನ್ನೇ ನೇಮಿಸಿತು.

ಮೀನುಗಾರರ ಮಟ್ಟಿಗೆ 2008ರ ತೀರ್ಪಿನ ನಂತರ ಎರಡೂ ದೇಶಗಳು ಒಂದು ವಿವೇಕದ ಮಾತಿಗೆ ಬಂದವು: ಬಂಡೆಗಳಿಂದ ಅರ್ಧ ನಾಟಿಕಲ್ ಮೈಲಿಯಾಚೆ ಇಬ್ಬರ ಸಾಂಪ್ರದಾಯಿಕ ಮೀನುಗಾರರೂ ಬಲೆ ಬೀಸಬಹುದು. ಬಿಳಿ ಬಂಡೆಯಿಂದ 0.6 ನಾಟಿಕಲ್ ಮೈಲಿ ದೂರದಲ್ಲಿ ಮಲೇಷ್ಯ ತನಗೆ ಸಿಕ್ಕಿದ ಮಿಡಲ್ ರಾಕ್ಸ್‌ನ ಎರಡು ಬಂಡೆಗಳ ಮೇಲೆ ಕಂಬ ನೆಟ್ಟು, ನಡುವೆ ಸೇತುವೆ ಹಾಕಿ, ಒಂದು ನೆಲೆ ಕಟ್ಟಿತು. 2017ರ ಆಗಸ್ಟಿನಲ್ಲಿ ಜೋಹೊರಿನ ಸುಲ್ತಾನರೇ ಬಂದು ಅದನ್ನು ಉದ್ಘಾಟಿಸಿದರು.